ಮುಚ್ಚಿದ ಶಾಲೆ, 48 ವರ್ಷದ ಮೇಲೆ ತೆರೆದ ಕಾಲೇಜು: ಡಾ. ಕ್ಯಾಥರಿನ್ ಹ್ಯಾಮ್ಲಿನ್ ಪ್ರಕರಣ

1959ರಲ್ಲಿ ಗಂಡ ಹೆಂಡತಿ ಇಬ್ಬರು ಹೆರಿಗೆ ಡಾಕ್ಟರುಗಳು ಆರು ವರ್ಷದ ಮಗನನ್ನು ಕರೆದುಕೊಂಡು ಇಥಿಯೋಪಿಯಾದ ಅಡಿಸ್ ಅಬಾಬಕ್ಕೆ ಬಂದಿಳಿದರು. ಗಂಡ ರೆಜಿನಾಲ್ಡ್ ಹ್ಯಾಮ್ಲಿನ್, ನ್ಯೂಜಿಲೆಂಡಿನವರು. ಹೆಂಡತಿ ಕ್ಯಾಥರಿನ್, ಸಿಡ್ನಿಯವರು. ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಬಂದಿದ್ದ ಜಾಹೀರಾತು ನೋಡಿ ಅರ್ಜಿ ಹಾಕಿದ್ದರು. ಪ್ರಿನ್ಸೆಸ್ ತ್ಸೆಹಾಯ್ ಆಸ್ಪತ್ರೆಯಲ್ಲಿ, ಹೆರಿಗೆ ಮಾಡಿಸಲು ಕಲಿಯುವ ಮಿಡ್‌ವೈಫ್‌ಗಳಿಗೆ ಒಂದು ಶಾಲೆ ಶುರು ಮಾಡುವುದು ಅವರ ಕೆಲಸ. ಒಪ್ಪಂದ ಮೂರು ವರ್ಷದ್ದು.

ಮೂರು ವರ್ಷಕ್ಕೆಂದು ಬಂದ ಕ್ಯಾಥರಿನ್ 2020ರ ಮಾರ್ಚ್ 18ರಂದು ಅದೇ ಊರಲ್ಲಿ ತೀರಿಕೊಂಡರು. ಆಗ ಅವರಿಗೆ 96 ವರ್ಷ. ಅಷ್ಟು ಹೊತ್ತಿಗೆ ಫಿಸ್ಟುಲಾ (ಕಷ್ಟದ ಹೆರಿಗೆಯಲ್ಲಿ ಒಳಗೆ ತೂತಾಗಿ ಮೂತ್ರ ಸೋರುವ ಗಾಯ) ಶಸ್ತ್ರಚಿಕಿತ್ಸೆ ಅಂದರೆ ಅವರ ಹೆಸರೇ ನೆನಪಾಗುವ ಹಾಗಿತ್ತು. ಅವರು ಕಟ್ಟಿದ ಆಸ್ಪತ್ರೆಗಳಲ್ಲಿ 60,000ಕ್ಕೂ ಜಾಸ್ತಿ ಹೆಂಗಸರಿಗೆ ಚಿಕಿತ್ಸೆ ಸಿಕ್ಕಿದೆ.

ಆದರೆ ಅವರು ಬಂದದ್ದು ಕಲಿಸುವುದಕ್ಕೆ, ಅಲ್ವಾ? ಆ ಶಾಲೆ ಏನಾಯಿತು? ಶಾಲೆ ಶುರುವಾಯಿತು. ಸುಮಾರು ಹತ್ತು ಮಂದಿ ಕಲಿತು ಹೊರಬಂದರು. ಅಷ್ಟರಲ್ಲಿ ಸರ್ಕಾರ ಅದನ್ನು ಮುಚ್ಚಿಬಿಟ್ಟಿತು. ಕ್ಯಾಥರಿನ್ ಮತ್ತೊಂದು ಮಿಡ್‌ವೈಫ್ ಕಾಲೇಜು ತೆರೆದದ್ದು 2007ರಲ್ಲಿ, ತಮ್ಮ 83ನೇ ವಯಸ್ಸಿನಲ್ಲಿ. 1959ರಲ್ಲಿ ಬಂದಲ್ಲಿಂದ ಲೆಕ್ಕ ಹಾಕಿದರೆ 48 ವರ್ಷ. ಆರೋಗ್ಯದ ಕೆಲಸ ಕಲಿಸುವ ಯಾರೇ ಆದರೂ ಈ 48 ವರ್ಷವನ್ನು ಕೂತು ಓದಬೇಕು ಅನ್ನುವುದು ನನ್ನ ಅನಿಸಿಕೆ. ಹಾಗಾಗಿ ಇಲ್ಲಿ ಆಪರೇಷನ್‌ಗಿಂತ ಪಾಠದ ಮಾತೇ ಜಾಸ್ತಿ.

ಅವರು ಬಂದಾಗ ಇದ್ದದ್ದು

ಆ ಆಸ್ಪತ್ರೆಗೆ ಹೆಸರು ಬಂದ ಬಗೆಯಲ್ಲೇ ಅರ್ಧ ಕಥೆ ಇದೆ. ತ್ಸೆಹಾಯ್ ಚಕ್ರವರ್ತಿ ಹೈಲೆ ಸೆಲಾಸಿಯ ಮಗಳು. ಲಂಡನ್ನಿನಲ್ಲಿ ನರ್ಸಿಂಗ್ ಕಲಿತವಳು. 1942ರಲ್ಲಿ ಹೆರಿಗೆಯ ತೊಂದರೆಯಿಂದಲೇ ತೀರಿಕೊಂಡಳು. ಅರಮನೆಯ ಮಗಳು, ಅದರಲ್ಲೂ ನರ್ಸ್, ಅವಳ ಗತಿಯೇ ಹೀಗಾದರೆ ಬೆಟ್ಟದ ಮೇಲಿನ ಹಳ್ಳಿ ಹೆಂಗಸರ ಪಾಡು ಏನಿದ್ದಿರಬೇಕು ಯೋಚಿಸಿ.

1959ರಲ್ಲಿ ಇಥಿಯೋಪಿಯಾದಲ್ಲಿ ಒಂದೇ ಒಂದು ಮೆಡಿಕಲ್ ಕಾಲೇಜೂ ಇರಲಿಲ್ಲ. ಗೊಂಡರ್ ಊರಿನಲ್ಲಿ 1954ರಲ್ಲಿ ಶುರುವಾದ ಸಾರ್ವಜನಿಕ ಆರೋಗ್ಯ ಕಾಲೇಜು ಇತ್ತು. ಅಲ್ಲಿ ಹೆಲ್ತ್ ಆಫೀಸರ್‌ಗಳು (ಡಾಕ್ಟರ್ ಡಿಗ್ರಿ ಇಲ್ಲದೆ ಚಿಕಿತ್ಸೆ ಕೊಡುವವರು), ಸಮುದಾಯ ನರ್ಸ್‌ಗಳು ತಯಾರಾಗುತ್ತಿದ್ದರು. ಅಡಿಸ್ ಅಬಾಬದಲ್ಲಿ ಮೆಡಿಕಲ್ ಕಾಲೇಜು ಬಂದದ್ದು 1964ರಲ್ಲಿ. ಎರಡು ಕೋಟಿ ದಾಟಿದ ಜನಕ್ಕೆ ಇಷ್ಟೇ.

ಇಲ್ಲಿ ಒಂದು ಮಾತು. ಮಿಡ್‌ವೈಫ್ ಅಂದರೆ ನಮ್ಮ ಹಳ್ಳಿಗಳಲ್ಲಿದ್ದ ಸೂಲಗಿತ್ತಿಯಂತೆ ಅಂತ ಓದುಗರು ಅಂದುಕೊಳ್ಳಬಹುದು. ಸೂಲಗಿತ್ತಿಯ ಕೈಗುಣ ದೊಡ್ಡದು, ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಸಲೀಸಾಗಿ ಆಗುವ ಹೆರಿಗೆಯನ್ನು ಅವರೂ ಮಾಡಿಸುತ್ತಾರೆ, ಇವರೂ ಮಾಡಿಸುತ್ತಾರೆ. ಹೆರಿಗೆ ದಾರಿ ತಪ್ಪುತ್ತಿದೆ ಅನ್ನುವುದನ್ನು ಹೊತ್ತಿಗೆ ಮುಂಚೆ ಗುರುತು ಹಿಡಿದು, ತಾಯಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವುದು ಮಿಡ್‌ವೈಫ್ ವಿಶೇಷವಾಗಿ ಕಲಿತಿರುವ ಕೆಲಸ. ಈ ಪ್ರಕರಣ ಪೂರ್ತಿ ನಿಂತಿರುವುದು ಆ ಒಂದು ಕೆಲಸದ ಮೇಲೆ.

ಫಿಸ್ಟುಲಾ ಆಗುವುದು ಹೀಗೆ. ಬೇನೆ ಶುರುವಾಗಿ ಒಂದು ದಿನ ಆಯಿತು, ಎರಡು ದಿನ ಆಯಿತು, ಮಗು ಹೊರಗೆ ಬರುತ್ತಿಲ್ಲ. ಮಗುವಿನ ತಲೆ ತಾಯಿಯ ಸೊಂಟದ ಮೂಳೆಗೆ ಒತ್ತಿ ನಿಂತುಬಿಟ್ಟಿದೆ. ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ಅದು ಸತ್ತು, ಕೆಲವು ದಿನದಲ್ಲಿ ಕಳಚಿ ಬೀಳುತ್ತದೆ. ಅಲ್ಲಿ ತೂತಾಗುತ್ತದೆ. ಮೂತ್ರಕೋಶದಿಂದ ಮೂತ್ರ ಹಗಲೂ ರಾತ್ರಿ ಸೋರುತ್ತಲೇ ಇರುತ್ತದೆ. ಕೆಲವರಿಗೆ ಮಲವೂ. ಮಗು ಬಹಳ ಸಲ ಹೊಟ್ಟೆಯಲ್ಲೇ ತೀರಿಕೊಂಡಿರುತ್ತದೆ. ವಾಸನೆ ಅಂತ ಗಂಡ ತವರಿಗೆ ಕಳಿಸುತ್ತಾನೆ. ತವರಿನವರು ಹಿತ್ತಲಿನಲ್ಲಿ ಒಂದು ಗುಡಿಸಲು ಹಾಕಿ ಕೂರಿಸುತ್ತಾರೆ. ಬಸ್ಸಿನಲ್ಲಿ ಜನ ಹತ್ತಿಸಿಕೊಳ್ಳುವುದಿಲ್ಲ.

ಹ್ಯಾಮ್ಲಿನ್ ದಂಪತಿ ಸಿಡ್ನಿಯಲ್ಲಿ ಇದನ್ನು ಕಂಡಿರಲಿಲ್ಲ. ಹಳೆಯ ಲೇಖನ, ಚಿತ್ರಗಳನ್ನು ಹುಡುಕಿ ಓದಿದರು. ಈಜಿಪ್ಟಿನ ಹಿರಿಯ ಹೆರಿಗೆ ತಜ್ಞ ನಗೀಬ್ ಮಹಫೂಜ್ ಅವರ ಅನುಭವದಿಂದ ಕಲಿತರು. ಕಲಿಸಲು ಬಂದವರು ಮೊದಲು ತಾವೇ ವಿದ್ಯಾರ್ಥಿಗಳಾದರು. ಹಳ್ಳಿಗಳಿಂದ ಹೆಂಗಸರು ಬರುತ್ತಲೇ ಇದ್ದರು. ಅವರಿಗಾಗಿಯೇ ಕಟ್ಟಿದ ಅಡಿಸ್ ಅಬಾಬ ಫಿಸ್ಟುಲಾ ಆಸ್ಪತ್ರೆ 1974ರಲ್ಲಿ ತೆರೆಯಿತು. ಅದೇ ವರ್ಷ ಕ್ರಾಂತಿಯಾಗಿ ಚಕ್ರವರ್ತಿ ಪದವಿ ಕಳೆದುಕೊಂಡರು. ಪರದೇಶದವರು ಎಷ್ಟೋ ಮಂದಿ ಗಂಟುಮೂಟೆ ಕಟ್ಟಿದರು. ಇವರು ಉಳಿದರು.

ಓದು ಬಾರದ ವಿದ್ಯಾರ್ಥಿನಿ

1960ರ ದಶಕದ ಆರಂಭದಲ್ಲಿ ಒಬ್ಬಳು ಹುಡುಗಿ ಬಂದಳು. ಹೆಸರು ಮಾಮಿತು ಗಾಶೆ. ಹದಿನಾರರ ಆಸುಪಾಸಿನ ವಯಸ್ಸು. ದೂರದ ಬೆಟ್ಟದ ಹಳ್ಳಿಯವಳು. ಅಕ್ಷರ ಗೊತ್ತಿಲ್ಲ. ನಾಲ್ಕು ದಿನ ಬೇನೆ ತಿಂದು ಮಗು ಕಳೆದುಕೊಂಡಿದ್ದಳು. ಗಾಯ ಬಹಳ ದೊಡ್ಡದು. ಒಂದಾದ ಮೇಲೊಂದು ಆಪರೇಷನ್ ಆದವು. ಆದರೂ ಪೂರ್ತಿ ವಾಸಿಯಾಗಲಿಲ್ಲ. ಊರಿಗೆ ಹೋಗುವ ಬದಲು ಅಲ್ಲೇ ಉಳಿದಳು.

ಮೊದಲು ಹಾಸಿಗೆ ಸರಿ ಮಾಡುವ ಕೆಲಸ. ಆಮೇಲೆ ಆಪರೇಷನ್ ಥಿಯೇಟರಿನಲ್ಲಿ ಕತ್ತರಿ, ಸೂಜಿ ಎತ್ತಿಕೊಡುವ ಕೆಲಸ. ರೆಜಿನಾಲ್ಡ್ ಅವರ ಪಕ್ಕ ನಿಂತು ನೋಡುತ್ತಾ ನೋಡುತ್ತಾ ಆ ಕೈ ಎಲ್ಲಿ ಹೋಗುತ್ತದೆ, ಯಾಕೆ ಹೋಗುತ್ತದೆ ಅಂತ ಅರ್ಥವಾಗತೊಡಗಿತು. ಅವರು ಸಣ್ಣ ಸಣ್ಣ ಕೆಲಸ ಮಾಡಲು ಬಿಟ್ಟರು. ಹೊಲಿಗೆ ಹಾಕಲು ಬಿಟ್ಟರು. ಕೊನೆಗೆ ಮಾಮಿತು ಅವರೇ ಪೂರ್ತಿ ಆಪರೇಷನ್ ಮಾಡುವ ಹಾಗಾದರು. ಓದು ಬರಹವನ್ನು ರಾತ್ರಿ ಶಾಲೆಗೆ ಹೋಗಿ ಕಲಿತದ್ದು ಆಮೇಲೆ. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಹ್ಯಾಮ್ಲಿನ್ ದಂಪತಿಯ ಜೊತೆ ಇವರಿಗೂ ಚಿನ್ನದ ಪದಕ ಕೊಟ್ಟಿತು. ಎಂಡಿ, ಎಂಎಸ್ ಮಾಡಿದ ಡಾಕ್ಟರುಗಳು ಬೇರೆ ಬೇರೆ ದೇಶದಿಂದ ಫಿಸ್ಟುಲಾ ಕಲಿಯಲು ಬಂದಾಗ, ಅವರ ಕೈಗೆ ದಾರಿ ತೋರಿಸಿದವರಲ್ಲಿ ಮಾಮಿತು ಒಬ್ಬರು.

ಈ ಕಥೆಯನ್ನು ಪವಾಡದಂತೆ ಹೇಳಿ ಬಿಡುವವರು ಜಾಸ್ತಿ. ನನಗೆ ಇದರಲ್ಲಿ ಕಾಣುವುದು ಒಂದು ಕ್ರಮವಾದ ಕಲಿಕೆ. ಒಂದೇ ಬಗೆಯ ಕೆಲಸ. ಅದನ್ನೇ ವರ್ಷಗಟ್ಟಲೆ ದಿನಾ ನೋಡುವ ಅವಕಾಶ. ಪಕ್ಕದಲ್ಲೇ ಗುರು. ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ತಾಳ್ಮೆ. ಇದಿಷ್ಟೂ ಯಾವುದೇ ಒಳ್ಳೆಯ ಸರ್ಜರಿ ತರಬೇತಿಯಲ್ಲಿ ಇರಬೇಕಾದದ್ದೇ. ಹೆಚ್ಚಿಗೆ ಇದ್ದದ್ದು ಒಂದು: ಮಲಗಿರುವ ಹೆಂಗಸಿನ ಸಂಕಟ ಮಾಮಿತು ಅವರಿಗೆ ತಮ್ಮ ಮೈಯಿಂದಲೇ ಗೊತ್ತಿತ್ತು.

ಮಾಮಿತು ಒಬ್ಬರೇ ಅಲ್ಲ. ಆ ಆಸ್ಪತ್ರೆಯಲ್ಲಿ ನರ್ಸ್ ಸಹಾಯಕರಾಗಿ ದುಡಿದವರಲ್ಲಿ ಬಹಳ ಮಂದಿ ಹಿಂದೆ ಅಲ್ಲೇ ರೋಗಿಗಳಾಗಿದ್ದವರು. ಅವರ ಕೆಲಸ ಎಷ್ಟು ಮುಖ್ಯ ಅಂತ ಗೊತ್ತಾಗಬೇಕಾದರೆ ಫಿಸ್ಟುಲಾ ವಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಪರೇಷನ್ ಮುಗಿಯುವ ಹೊತ್ತಿಗೆ ಮೂತ್ರಕೋಶಕ್ಕೆ ನೀಲಿ ಬಣ್ಣದ ನೀರು ತುಂಬುತ್ತಾರೆ. ಒಳಗಿಟ್ಟ ಬಿಳಿ ಬಟ್ಟೆಗೆ ನೀಲಿ ಹತ್ತದಿದ್ದರೆ ಹೊಲಿಗೆ ಗಟ್ಟಿಯಾಗಿದೆ ಅಂತ ಅರ್ಥ. ಅಲ್ಲಿಗೆ ಸರ್ಜನ್ ಕೆಲಸ ಮುಗಿಯಿತು. ಆದರೆ ಮುಂದಿನ ಸುಮಾರು ಎರಡು ವಾರ ಒಂದು ಸಣ್ಣ ರಬ್ಬರ್ ನಳಿಗೆ ಮೂತ್ರವನ್ನು ಹೊರಗೆ ಹರಿಸುತ್ತಿರಬೇಕು. ಅದು ಒಂದು ರಾತ್ರಿ ಕಟ್ಟಿಕೊಂಡರೆ ಸಾಕು, ಮೂತ್ರಕೋಶ ಉಬ್ಬಿ ಹೊಲಿಗೆ ಬಿಟ್ಟುಹೋಗಬಹುದು. ಹಾಗಾಗಿ ಪ್ರತಿ ಹಾಸಿಗೆಯ ಹತ್ತಿರ ಹೋಗಿ ಮೂರೇ ಮೂರು ನೋಡಬೇಕು. ನೀರು ಕುಡಿಯುತ್ತಿದ್ದಾರಾ? ನಳಿಗೆಯಲ್ಲಿ ಹರಿಯುತ್ತಿದೆಯಾ? ಹಾಸಿಗೆ ಒಣಗಿದೆಯಾ? ಇದಕ್ಕೆ ಡಿಗ್ರಿ ಬೇಡ. ಆದರೆ ರಾತ್ರಿ ಎರಡು ಗಂಟೆಗೂ ಬೇಜಾರಿಲ್ಲದೆ ಎದ್ದು ನೋಡುವ ಮನಸ್ಸು ಬೇಕು. ಒದ್ದೆ ಹಾಸಿಗೆ ಅಂದರೆ ಏನು ಅಂತ ಗೊತ್ತಿದ್ದವರಿಗೆ ಆ ಮನಸ್ಸು ತಾನಾಗೇ ಇತ್ತು.

ವಾಸಿಯಾಗಿ ಹೊರಡುವ ಪ್ರತಿ ಹೆಂಗಸಿಗೂ ಒಂದು ಹೊಸ ಉಡುಪು ಕೊಟ್ಟು ಕಳಿಸುವುದು ಅಲ್ಲಿಯ ಪದ್ಧತಿ. ಬರುವಾಗ ನೆನೆದ ಬಟ್ಟೆ, ಹೋಗುವಾಗ ಒಣಗಿದ ಹೊಸ ಬಟ್ಟೆ. ಕ್ಯಾಥರಿನ್ ಅವರನ್ನು ಆ ಹೆಂಗಸರು 'ಎಮಾಯೆ' ಅನ್ನುತ್ತಿದ್ದರು. ಅಮ್ಹಾರಿಕ್ ಭಾಷೆಯಲ್ಲಿ ಅಮ್ಮ ಅಂತ.

ಹೊಲಿದಷ್ಟೂ ಬರುತ್ತಿದ್ದರು

1993ರಲ್ಲಿ ರೆಜಿನಾಲ್ಡ್ ತೀರಿಕೊಂಡರು. ಕ್ಯಾಥರಿನ್ ಒಬ್ಬರೇ ಮುಂದುವರಿಸಿದರು. ದೇಶದ ಬೇರೆ ಬೇರೆ ಕಡೆ, ಬಹಿರ್ ದಾರ್, ಮೆಕೆಲೆ, ಯಿರ್ಗಾಲೆಮ್, ಹರಾರ್, ಮೆಟ್ಟುಗಳಲ್ಲಿ, ಶಾಖೆ ಆಸ್ಪತ್ರೆಗಳು ಬಂದವು. ಎಷ್ಟು ಆಪರೇಷನ್ ಮಾಡಿದರೂ ವಾಸಿಯಾಗದೆ ಉಳಿದವರಿಗೆ ಅಡಿಸ್ ಅಬಾಬದ ಹೊರಗೆ ದೆಸ್ತಾ ಮೆಂದೆರ್ ಅನ್ನುವ ಊರನ್ನೇ ಕಟ್ಟಿದರು. ಹೆಸರಿಗೆ ಸಂತೋಷದ ಊರು ಅಂತ ಅರ್ಥ.

ಇಷ್ಟಾದರೂ ಹೊಸಬರು ಬರುವುದು ನಿಲ್ಲಲಿಲ್ಲ. 2005ರ ರಾಷ್ಟ್ರೀಯ ಸಮೀಕ್ಷೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಇಥಿಯೋಪಿಯಾದಲ್ಲಿ ಆಗ ನೂರು ಹೆರಿಗೆಯಲ್ಲಿ ಆರಕ್ಕೆ ಮಾತ್ರ ತರಬೇತಿ ಪಡೆದವರ ಕೈ ಸಿಗುತ್ತಿತ್ತು. ಉಳಿದ 94 ಹೆರಿಗೆಗೆ ಸೂಲಗಿತ್ತಿ, ಅತ್ತೆ, ಅಮ್ಮ, ನೆರೆಯವಳು, ಅಥವಾ ಯಾರೂ ಇಲ್ಲ. ಥಿಯೇಟರಿನಲ್ಲಿ ಎಷ್ಟೇ ಚೆನ್ನಾಗಿ ಹೊಲಿದರೂ ಆ 94ನ್ನು ಮುಟ್ಟಲು ಆಗುವುದಿಲ್ಲ. ಅಮೆರಿಕ, ಯುರೋಪುಗಳಲ್ಲಿ ಫಿಸ್ಟುಲಾ ಕಾಣದಂತಾದದ್ದಕ್ಕೂ ಹೊಲಿಗೆ ಕಾರಣವಲ್ಲ. ಹೆರಿಗೆ ಹೊತ್ತಿಗೆ ಗೊತ್ತಿರುವ ಕೈ ಸಿಕ್ಕಿತು, ಬೇಕಾದಾಗ ಸಿಸೇರಿಯನ್ ಸಿಕ್ಕಿತು, ಅಷ್ಟೇ.

ಹೀಗೆ 1959ರ ಕೆಲಸ 2007ರಲ್ಲಿ ಮತ್ತೆ ಕೈಗೆ ಬಂತು. ದೆಸ್ತಾ ಮೆಂದೆರ್ ಆವರಣದಲ್ಲೇ ಹ್ಯಾಮ್ಲಿನ್ ಮಿಡ್‌ವೈಫ್ ಕಾಲೇಜು ಶುರುವಾಯಿತು. ಡಿಗ್ರಿ ಓದು. ಮೊದಲ ತಂಡ 2010ರಲ್ಲಿ ಹೊರಬಂತು.

ಎರಡನೇ ಸಲ ಬೇರೆ ಮಾಡಿದ್ದು

ಮೊದಲ ಶಾಲೆಯಲ್ಲಿ ಪಾಠ ಕೆಟ್ಟದಾಗಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಕಲಿಸಿದವರು ಅದೇ ಇಬ್ಬರು ಸಮರ್ಥರು. ಆದರೆ ಆ ಶಾಲೆ ರಾಜಧಾನಿಯ ಒಂದು ದೊಡ್ಡ ಆಸ್ಪತ್ರೆಯ ಒಳಗಿತ್ತು. ಅಲ್ಲಿ ಕಲಿತವರು ಹಳ್ಳಿಗೆ ಹೋಗಿ ನಿಲ್ಲುವುದಕ್ಕೆ ಬೇಕಾದ ಮನೆ, ಸಂಬಳ, ಸಾಮಾನು, ಹಿಂದೆ ನಿಲ್ಲುವ ಆಸ್ಪತ್ರೆ ಯಾವುದೂ ಆ ಕಾಲದಲ್ಲಿ ದೇಶದಲ್ಲೇ ಇರಲಿಲ್ಲ. ಹತ್ತು ಮಂದಿಯ ಮೇಲೆ ನಿಂತ ಶಾಲೆಯನ್ನು ಒಂದು ಆದೇಶದಲ್ಲಿ ಮುಚ್ಚಬಹುದಿತ್ತು. ಮುಚ್ಚಿದರು.

ಎರಡನೆಯ ಸಲ ಮೊದಲು ಬದಲಾದದ್ದು ಆಯ್ಕೆ. ಹಳ್ಳಿಗಾಡಿನ ಹೈಸ್ಕೂಲುಗಳಲ್ಲಿ ಚೆನ್ನಾಗಿ ಓದಿದ ಹೆಣ್ಣುಮಕ್ಕಳನ್ನು ಆರಿಸುತ್ತಾರೆ. ಓದು, ಊಟ, ವಸತಿ ಕಾಲೇಜಿನದ್ದು. ಓದು ಮುಗಿದ ಮೇಲೆ ತಮ್ಮ ಸೀಮೆಗೇ ಹೋಗಿ ಕೆಲವು ವರ್ಷ ಕೆಲಸ ಮಾಡಬೇಕು. ಇದರಲ್ಲಿ ಭಾಷೆಯ ವಿಷಯವೂ ಇದೆ. ಇಥಿಯೋಪಿಯಾದಲ್ಲಿ 80ಕ್ಕೂ ಜಾಸ್ತಿ ಭಾಷೆಗಳಿವೆ. ಬೇನೆ ತಿನ್ನುವ ಹೆಂಗಸು ಒರೊಮೊ ಭಾಷೆಯಲ್ಲಿ ಕೂಗುತ್ತಿದ್ದರೆ, ಅಮ್ಹಾರಿಕ್ ಮಾತ್ರ ಬರುವ ಪಟ್ಟಣದ ಹುಡುಗಿ ಏನು ಧೈರ್ಯ ಹೇಳಬಲ್ಲಳು? ತಮ್ಮೂರಿನ ಹುಡುಗಿಯಾದರೆ ಅತ್ತೆಯೂ ಮಾತು ಕೇಳುತ್ತಾಳೆ. ಆಸ್ಪತ್ರೆಗೆ ಕರೆದೊಯ್ಯುವ ತೀರ್ಮಾನ ಬಹಳ ಮನೆಗಳಲ್ಲಿ ಅತ್ತೆಯದ್ದೋ ಗಂಡನದ್ದೋ.

ಎರಡನೆಯದು, ಇಬ್ಬಿಬ್ಬರನ್ನು ಜೊತೆಯಾಗಿ ಕಳಿಸುವುದು. ಇದು ನನಗೆ ಬಹಳ ಇಷ್ಟವಾದ ಸಂಗತಿ. ಒಬ್ಬಳೇ ಮಿಡ್‌ವೈಫ್ ಇದ್ದರೆ ಅವಳು ಮಲಗುವುದು ಯಾವಾಗ? ಜ್ವರ ಬಂದರೆ? ರಾತ್ರಿ ಒಂದೇ ಹೊತ್ತಿಗೆ ಎರಡು ಹೆರಿಗೆ ಬಂದರೆ? ತಪ್ಪಾದರೆ ಯಾರ ಹತ್ತಿರ ಹೇಳಿಕೊಂಡು ಅಳುವುದು? ಹಳ್ಳಿ ಬಿಟ್ಟು ಓಡಿಹೋಗುವುದಕ್ಕೆ ಸಂಬಳಕ್ಕಿಂತ ಈ ಒಂಟಿತನವೇ ಎಷ್ಟೋ ಸಲ ಕಾರಣ. ಇಬ್ಬರು ಇದ್ದರೆ ಕೇಂದ್ರ 24 ಗಂಟೆಯೂ ತೆರೆದಿರುತ್ತದೆ, ಮನಸ್ಸೂ ಉಳಿಯುತ್ತದೆ.

ಮೂರನೆಯದು, ಬೆನ್ನ ಹಿಂದೆ ಆಸ್ಪತ್ರೆ. ಈ ಮಿಡ್‌ವೈಫ್‌ಗಳು ಕೂರುವುದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ. ಆದರೆ ಸಾಮಾನು ಪೂರೈಕೆ, ಹಿರಿಯ ಮಿಡ್‌ವೈಫ್ ಬಂದು ನೋಡಿ ತಿದ್ದುವುದು ಎಲ್ಲ ಹತ್ತಿರದ ಹ್ಯಾಮ್ಲಿನ್ ಶಾಖೆಯ ಕಡೆಯಿಂದ. ಅಂದರೆ ಡಿಗ್ರಿ ಕೊಟ್ಟ ಮೇಲೂ ಕಾಲೇಜು ಕೈ ಬಿಡುವುದಿಲ್ಲ.

ಇನ್ನು ಪಾಠದ ಒಳಗೆ ಒಂದು ವಸ್ತುವನ್ನು ತೋರಿಸಬೇಕು. ಪಾರ್ಟೋಗ್ರಾಫ್. ಒಂದೇ ಹಾಳೆ. ಚೌಕಳಿ ಗೆರೆಗಳು. ಅಡ್ಡಕ್ಕೆ ಗಂಟೆಗಳು. ಉದ್ದಕ್ಕೆ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಅನ್ನುವ ಅಳತೆ. ಪರೀಕ್ಷೆ ಮಾಡಿದಾಗಲೆಲ್ಲ ಅಲ್ಲೊಂದು ಗುರುತು ಹಾಕಬೇಕು. ಹಾಳೆಯ ಮೇಲೆ ಮೊದಲೇ ಅಚ್ಚಾದ ಎರಡು ಓರೆ ಗೆರೆ ಇರುತ್ತವೆ. ಒಂದು ಎಚ್ಚರಿಕೆ ಗೆರೆ, ಗಂಟೆಗೆ ಒಂದು ಸೆಂಟಿಮೀಟರ್ ಲೆಕ್ಕದ್ದು. ಅದರಿಂದ ನಾಲ್ಕು ಗಂಟೆ ಬಲಕ್ಕೆ ಇನ್ನೊಂದು, ಈಗ ಏನಾದರೂ ಮಾಡಲೇಬೇಕು ಅನ್ನುವ ಗೆರೆ. ಗುರುತು ಎಚ್ಚರಿಕೆ ಗೆರೆಯ ಬಲಕ್ಕೆ ಜಾರಿತೋ, ಹಳ್ಳಿಯಿಂದ ಗಾಡಿ ಹೊರಡಬೇಕು.

ಈ ಗೆರೆಗಳು ಹುಟ್ಟಿದ್ದೂ ಆಫ್ರಿಕಾದಲ್ಲೇ. ಈಗಿನ ಜಿಂಬಾಬ್ವೆ, ಆಗಿನ ರೊಡೇಸಿಯಾದಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಅನ್ನುವ ಇಬ್ಬರು ಡಾಕ್ಟರುಗಳು 1972ರಲ್ಲಿ ಇದನ್ನು ಪ್ರಕಟಿಸಿದರು. ದೂರದ ಕೇಂದ್ರಗಳಲ್ಲಿ ಡಾಕ್ಟರಿಲ್ಲದೆ ಕೂತಿರುವ ಮಿಡ್‌ವೈಫ್‌ಗಳಿಗೆ ಯಾವಾಗ ಕಳಿಸಬೇಕು ಅಂತ ಗೊತ್ತಾಗಲಿ ಎಂದೇ ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎತ್ತಿಕೊಂಡು ಜಗತ್ತಿಗೆಲ್ಲ ಹರಡಿತು. 2020ರಲ್ಲಿ ಅದರ ಬದಲಿಗೆ ಹೊಸ ಹಾಳೆ ತಂದಿದೆ. ಹಾಳೆ ಬದಲಾದರೂ ಒಳಗಿನ ಬುದ್ಧಿ ಅದೇ: ಹೊತ್ತು ಮೀರುವ ಮುಂಚೆ ಗುರುತು ಹಿಡಿ.

ಊರಲ್ಲಿ ಉಳಿಯುವವರಿಗೇ ಕಲಿಸಬೇಕು ಅನ್ನುವುದಕ್ಕೆ ಬೇರೆ ಕಡೆಯ ಸಾಕ್ಷಿಯೂ ಇದೆ. ಮೊಜಾಂಬಿಕ್ ದೇಶ 1984ರಲ್ಲಿ ಡಾಕ್ಟರರಲ್ಲದ ಆರೋಗ್ಯ ಸಿಬ್ಬಂದಿಗೆ ಸಿಸೇರಿಯನ್ ಮುಂತಾದ ಆಪರೇಷನ್ ಕಲಿಸಲು ಶುರು ಮಾಡಿತು. ಏಳು ವರ್ಷದ ಮೇಲೆ ನೋಡಿದಾಗ ಜಿಲ್ಲಾ ಆಸ್ಪತ್ರೆಗೆ ಹಾಕಿದ್ದ ಡಾಕ್ಟರುಗಳಲ್ಲಿ ಒಬ್ಬರೂ ಅಲ್ಲಿ ಉಳಿದಿರಲಿಲ್ಲ. ಈ ಸಿಬ್ಬಂದಿಯಲ್ಲಿ ನೂರಕ್ಕೆ 88 ಮಂದಿ ಉಳಿದಿದ್ದರು. ಇಥಿಯೋಪಿಯಾ ಸರ್ಕಾರವೂ 2009ರಲ್ಲಿ ಹೆಲ್ತ್ ಆಫೀಸರ್‌ಗಳಿಗೆ ಮೂರು ವರ್ಷದ ತುರ್ತು ಸರ್ಜರಿ ಮತ್ತು ಹೆರಿಗೆ ತರಬೇತಿ ಕೊಡಲು ಶುರು ಮಾಡಿತು. ಇದು ಬೇಕೇ ಬೇಕು. ಮಿಡ್‌ವೈಫ್ ಸರಿಯಾದ ಹೊತ್ತಿಗೆ ಕಳಿಸಿದರೂ ಆ ಕಡೆ ಸಿಸೇರಿಯನ್ ಮಾಡುವ ಕೈ ಇಲ್ಲದಿದ್ದರೆ ಏನು ಬಂತು?

ತೂಗಿ ನೋಡಿದರೆ

ಹ್ಯಾಮ್ಲಿನ್ ಮಿಡ್‌ವೈಫ್‌ಗಳು ಹೋಗಿ ಕೂತ ಕಡೆ ಹೊಸ ಫಿಸ್ಟುಲಾ ಬಹುತೇಕ ನಿಂತೇ ಹೋಗಿದೆ ಅಂತ ಸಂಸ್ಥೆ ಹೇಳುತ್ತದೆ. ನಂಬಲು ಕಾರಣವಿದೆ, ಆದರೆ ಅದು ಸಂಸ್ಥೆಯ ಸ್ವಂತ ಲೆಕ್ಕ ಅನ್ನುವುದೂ ಗಮನದಲ್ಲಿರಲಿ. ದೇಶದ ಮಟ್ಟದಲ್ಲಿ ತರಬೇತಿ ಪಡೆದವರ ಕೈಯಲ್ಲಿ ಆಗುವ ಹೆರಿಗೆ 2016ಕ್ಕೆ ನೂರಕ್ಕೆ 28, 2019ಕ್ಕೆ ನೂರಕ್ಕೆ 50 ಆಯಿತು. ಇದರ ಮುಖ್ಯ ಶ್ರೇಯಸ್ಸು ಸರ್ಕಾರಕ್ಕೆ. 2003ರಿಂದ ಹಳ್ಳಿ ಹಳ್ಳಿಗೆ ಮೂವತ್ತು ಸಾವಿರಕ್ಕೂ ಜಾಸ್ತಿ ಆರೋಗ್ಯ ಕಾರ್ಯಕರ್ತೆಯರನ್ನು ನೇಮಿಸಿದ್ದು, ಆರೋಗ್ಯ ಕೇಂದ್ರ ಕಟ್ಟಿದ್ದು, ತನ್ನ ಕಾಲೇಜುಗಳಲ್ಲಿ ಮಿಡ್‌ವೈಫ್‌ಗಳನ್ನು ತಯಾರು ಮಾಡಿದ್ದು ಸರ್ಕಾರವೇ. ಹ್ಯಾಮ್ಲಿನ್ ಕಾಲೇಜಿನಿಂದ ಬಂದವರು ಕೆಲವು ನೂರು. ಹತ್ತು ಕೋಟಿ ದಾಟಿದ ದೇಶಕ್ಕೆ ಅದು ಸಣ್ಣ ಸಂಖ್ಯೆ.

ದುಡ್ಡಿನ ಆತಂಕವೂ ಇದೆ. ಕಾಲೇಜು ನಡೆಯುವುದು ಬಹುಪಾಲು ಆಸ್ಟ್ರೇಲಿಯಾ ಮೊದಲಾದ ದೇಶಗಳ ದಾನಿಗಳಿಂದ. ಕ್ಯಾಥರಿನ್ ಅವರ ಮುಖ ನೋಡಿ ಕೊಟ್ಟವರು ಅವರಿಲ್ಲದ ಮೇಲೂ ಕೊಡುತ್ತಿರಬೇಕು. ಅವರು ತೀರಿಕೊಂಡ ವರ್ಷದ ನವೆಂಬರಿನಲ್ಲೇ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಶುರುವಾಗಿ ಎರಡು ವರ್ಷ ನಡೆಯಿತು. ಅಲ್ಲಿಯ ಮೆಕೆಲೆ ಶಾಖೆಗೆ ಔಷಧಿ ಹೋಗುವ ದಾರಿಯೇ ಮುಚ್ಚಿಹೋಗಿತ್ತು. ಒಳ್ಳೆಯ ಆಯ್ಕೆ, ಒಳ್ಳೆಯ ಪಾಠ, ಜೋಡಿ ನೇಮಕ ಎಲ್ಲ ಇದ್ದರೂ ರಸ್ತೆ ಮುಚ್ಚಿದರೆ ಗಾಡಿ ಹೋಗುವುದಿಲ್ಲ.

ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಹಿಂತಿರುಗುವುದು ಮಾಮಿತು ಅವರ ಹತ್ತಿರಕ್ಕೆ. ಹ್ಯಾಮ್ಲಿನ್ ದಂಪತಿಗೆ ಸಿಕ್ಕ ಅತ್ಯುತ್ತಮ ವಿದ್ಯಾರ್ಥಿನಿ ಬಂದದ್ದು ಗಾಯದ ಬಾಗಿಲಿನಿಂದ. 2007ರ ಕಾಲೇಜು ಆ ಬಾಗಿಲನ್ನೇ ಮುಚ್ಚಲು ಕಟ್ಟಿದ್ದು.

ಮಾಮಿತು ನಾಲ್ಕು ದಿನ ಬೇನೆ ತಿಂದರು. ಆ ಹಳ್ಳಿಯ ಹತ್ತಿರ ಇಬ್ಬರು ಹುಡುಗಿಯರು, ಒಂದು ಚೌಕಳಿ ಹಾಳೆ, ಒಂದು ಪೆನ್ನು ಇದ್ದಿದ್ದರೆ, ಗುರುತು ಎಚ್ಚರಿಕೆ ಗೆರೆ ದಾಟುವುದು ಮೊದಲ ದಿನವೇ ಕಾಣುತ್ತಿತ್ತು. ಇನ್ನೂ ಮೂರು ದಿನ ಕೈಯಲ್ಲಿರುತ್ತಿತ್ತು.